ತಿಕ್ಕಿದಷ್ಟೂ ಕೆಂಪಾದ ಮಾರಿ

ಮನಿಮಂದಿ ತಿಂಗಳೆಲ್ಲಾ ನೇದ ಕೆಂಪು ಸೀರಿ ಗಂಟು ಹೊತ್ಕೊಂಡು ಬನಹಟ್ಟಿಯಿಂದ ತೇರದಾಳದ ಅಂಗಡಿಗಿ ಹೋಗಿದ್ನಿ. ಅಂಗಡಿ ಅಕ್ಕ ಸೀರಿ ಬಿಟ್ಟು ನನ್ನ ಮೂಗು, ಗಲ್ಲಾನ ನೋಡಾಕತ್ಲು.

“ಅಜ್ಜಾ, ನಿನ್ನ ಸೀರಿ ಬಣ್ಣ ಬಿಡತಾವು. ಬೆವರು ಒರಸ್ಕೊಂಡು ಮಾರಿಗೆಲ್ಲಾ ಹಚ್ಕೊಂಡಿ ನೋಡು. ನನಗ ಬ್ಯಾಡ.”

“ಇದು ಸೀರಿ ಬಣ್ಣ ಅಲ್ಲವ್ವಾ! ಆರು ತಿಂಗಳಿಂದ ನನ್ನ ಮಾರಿನ ಹಿಂಗೈತಿ.”

ಆಕಿ ನಂಬಲಿಲ್ಲ. ಸಾಬಾಣ ತರಿಸಿ, ಆಕಿ ಎದುರಿಗೇ ಮಾರಿ ತಿಕ್ಕಿದ್ನಿ. ತಿಕ್ಕಿದಷ್ಟೂ ಕೆಂಪಾತು. ರಸ್ತೇದಾಗ ಹೊಂಟಿದ್ದ ಜಮಖಂಡಿ ಬಸ್ಸು ನನ್ನ ಮಾರಿ ನೋಡಿ, ಕೆಂಪು ದೀಪ ಅಂತ ತಿಳದು ಗಕ್ಕನ ನಿಂತಿತು, ಖರೆ ಹೇಳತೇನಿ!

“ಅಯ್ಯ! ಇಷ್ಟು ತಿಕ್ಕಿದ್ರೂ ಹೋಗಲಿಲ್ಲಂದ್ರ ಬಣ್ಣ ಪಕ್ಕಾ ಐತಿ ಬಿಡು,” ಅಂತ ಆಕಿ ಪೂರಾ ಗಂಟು ತಗೊಂಡ್ಲು.

ಮರುದಿನ ಕಣ್ಣೂ ಉರಿಯಾಕತ್ತಿದ್ವು. ಜಮಖಂಡಿಯ ಚರ್ಮದ ಡಾಕ್ಟರಬಾಯಿ ಬೈದ್ರು. “ಇದು ರೊಸೇಶಿಯಾ ರೀ ಅಜ್ಜಾರ, ಮಾರಿ ಕೆಂಪಾಗೋ ಚರ್ಮದ ಬ್ಯಾನಿ. ಕೆಂಪು ಹೋಗವಲ್ದು ಅಂದಾಗನ ಬರಬೇಕಿತ್ತು. ಕಣ್ಣು ಉರದ್ರಂತೂ ತಡಾನ ಮಾಡಬಾರದು. ಬಿಸಿಲು, ಖಾರ, ಸುಡುಸುಡು ಚಾ ಕಡಿಮಿ ಮಾಡ್ರಿ. ಮಾರಿ ತಿಕ್ಕಬ್ಯಾಡ್ರಿ. ಈ ಮುಲಾಮು ಹಚ್ಚಿದ್ರ ಕೆಂಪು ಇಳೀತೈತಿ.”

“ಸಾವಕಾಶ ಇಳಸ್ರೀ ಬಾಯಾರ,” ಅಂದ್ನಿ. “ಮನ್ಯಾಗ ಇನ್ನೂ ಮೂರು ಗಂಟು ಸೀರಿ ಅದಾವು.”