ಗ್ಯಾಸ್ ತೆಗೆದವನಿಗೆ ಬೀಗ

2024ರ ಏಪ್ರಿಲ್. ತುಮಕೂರಿನ ಒಂದು ಎ.ಸಿ. ಸರ್ವಿಸ್ ಅಂಗಡಿಯಲ್ಲಿ ನಾನು ಹಿರಿಯ ಟೆಕ್ನಿಷಿಯನ್. ಹಿರಿಯ ಎಂದರೆ ಸಂಬಳದಲ್ಲಿ ಅಲ್ಲ, ಮಂಡಿನೋವಿನಲ್ಲಿ. ಗುಬ್ಬಿ, ಕುಣಿಗಲ್ ಕಡೆಯ ಕರೆಗಳೂ ನನ್ನ ಪಾಲಿಗೇ ಬರುತ್ತಿದ್ದವು. ವ್ಯಾನ್ ಹೊರಡುವ ಮೊದಲು ಪ್ರೆಶರ್ ನೋಡುವ ಗೇಜ್ ಇದೆಯೇ, ತೂಕದ ಯಂತ್ರ ಇದೆಯೇ ಎಂದು ಮತ್ತೆ ಮತ್ತೆ ಬ್ಯಾಗ್ ತೆರೆದು ನೋಡುವುದು ನನ್ನ ಅಭ್ಯಾಸ. ಇದ್ದರೂ ಭಯ, ಇಲ್ಲದಿದ್ದರೂ ಭಯ.

ಆ ತಿಂಗಳ ಒಂದು ಮಧ್ಯಾಹ್ನ ಹೋಗಿದ್ದು ಗುಬ್ಬಿ ಪಕ್ಕದ ಒಂದು ತೋಟದ ಮನೆಗೆ. ದೂರು ಮಾಮೂಲಿಯದೇ: ಎ.ಸಿ. ತಣ್ಣಗಾಗುತ್ತಿಲ್ಲ, ಗ್ಯಾಸ್ ತುಂಬಬೇಕು. ಕೋಣೆಗೆ ಕಾಲಿಟ್ಟ ಮೇಲೆ ಇದು ಬರೀ ಸೆಕೆಯ ವಿಷಯವಲ್ಲ ಎಂದು ತಿಳಿಯಿತು.

ಮಂಚದ ಮೇಲೆ ನಂಜುಂಡ ಮಲಗಿದ್ದ. ವಯಸ್ಸು ನಲವತ್ತರ ಆಸುಪಾಸು. ಎರಡು ವರ್ಷದ ಹಿಂದೆ ಕಾಯಿ ಕೀಳುವವರು ಸಿಗಲಿಲ್ಲವೆಂದು ತಾನೇ ತೆಂಗಿನಮರ ಹತ್ತಿ ಬಿದ್ದಿದ್ದ. ಬೆನ್ನುಹುರಿಗೆ ಪೆಟ್ಟಾಗಿ ಎದೆಯಿಂದ ಕೆಳಗೆ ಸ್ವಾಧೀನವಿಲ್ಲ. ಅಷ್ಟೂ ಭಾಗ ಬೆವರುವುದಿಲ್ಲ. ಬೆವರದ ಮೈಗೆ ತನ್ನ ಬಿಸಿ ಹೊರಹಾಕುವ ದಾರಿಯಿಲ್ಲ. ಕೋಣೆ ಕಾದಂತೆ ಮೈಯೂ ಕಾಯುತ್ತದೆ. ಹಿಂದಿನ ವಾರವಷ್ಟೇ ಹೀಗೆ ಮೈ ಕಾದು, ಎಚ್ಚರ ತಪ್ಪಿ ಆಸ್ಪತ್ರೆಗೆ ಸೇರಿ ಬಂದಿದ್ದ. ಇದನ್ನೆಲ್ಲ ಹೇಳಿದವರು ಅವನನ್ನು ನೋಡಿಕೊಳ್ಳುವ ಅಕ್ಕ ರುದ್ರಮ್ಮ. ಹೇಳಿ ಮುಗಿಸಿ, "ಈಗ ಗ್ಯಾಸ್ ತುಂಬ್ಕೊಡು. ಹೋದ್ ವರ್ಷ ಒಂದ್ಸಲ ತುಂಬ್ಸಿದ್ವಿ, ಮೊನ್ನೆ ಇನ್ನೊಂದ್ಸಲ" ಎಂದರು.

ಇಲ್ಲಿ ಸ್ವಲ್ಪ ವಿವರಿಸಬೇಕು. ಎ.ಸಿ.ಯ ಗ್ಯಾಸು ಪೆಟ್ರೋಲಿನಂತೆ ಉರಿದು ಖರ್ಚಾಗುವುದಿಲ್ಲ. ಒಳಗಿನ ಶಾಖ ಹೊತ್ತು ಹೊರಗೆ ಸುರಿದು ಮತ್ತೆ ಒಳಗೆ ಬರುವುದು ಅದರ ಕೆಲಸ. ಪೈಪ್ ಸೋರದಿದ್ದರೆ ಕಡಿಮೆಯಾಗುವ ಮಾತಿಲ್ಲ. ಹೆಚ್ಚಾದರೂ ಕಡಿಮೆಯಾದಷ್ಟೇ ಕಷ್ಟ: ಕಂಪ್ರೆಸರ್ ಏದುಸಿರು ಬಿಡುತ್ತದೆ, ಕೋಣೆ ತಣ್ಣಗಾಗುವುದಿಲ್ಲ.

ಕೋಣೆಯ ಹೊರಗೆ, ಗ್ರಿಲ್ ಹಾಕಿದ ಜಗಲಿಯಲ್ಲಿದ್ದ ಯೂನಿಟ್ಟಿನ ಬೆನ್ನಿಗೆ ತೆಂಗಿನ ನಾರಿನ ಧೂಳು ಕಂಬಳಿ ಹೊದಿಸಿದಂತೆ ಅಂಟಿತ್ತು. ಮೊದಲ ಕಾಯಿಲೆ ಅದೇ. ಅದನ್ನು ತೊಳೆಯದೆ ಯಾರೋ ಗ್ಯಾಸ್ ತುಂಬಿದ್ದರು. ನಾನು ತೊಳೆದೆ. ಆದರೂ ಪ್ರೆಶರ್ ಇಳಿಯಲಿಲ್ಲ, ಕಂಪ್ರೆಸರ್ ಎಳೆಯುವ ಕರೆಂಟೂ ಇಳಿಯಲಿಲ್ಲ. ಗ್ಯಾಸ್ ಜಾಸ್ತಿಯಾಗಿದೆ. ಎಷ್ಟು ಜಾಸ್ತಿ ಎಂದು ತಿಳಿಯಲು ನಂಬಬಹುದಾದ ದಾರಿ ಒಂದೇ: ಪೂರ್ತಿ ಹೊರತೆಗೆದು ತೂಗಿ, ಪೈಪಿನೊಳಗಿನ ಗಾಳಿಯನ್ನೆಲ್ಲ ಎಳೆದು ವ್ಯಾಕ್ಯೂಮ್ ಮಾಡಿ, ಅಳತೆಯಷ್ಟೇ ವಾಪಸ್ ಹಾಕುವುದು. ಅಷ್ಟು ಹೊತ್ತೂ ಎ.ಸಿ. ನಿಂತಿರಬೇಕು.

ಗ್ಯಾಸ್ ನನ್ನ ಖಾಲಿ ಸಿಲಿಂಡರಿಗೆ ಇಳಿಯುವುದನ್ನು ಕಂಡ ರುದ್ರಮ್ಮ ಮೊದಲು ನನ್ನನ್ನು ನೋಡಿದರು, ಆಮೇಲೆ ಸಿಲಿಂಡರನ್ನು.

"ಹಾಕು ಅಂತ ಕರ್ಸಿದ್ರೆ ಕಿತ್ಕೊಂಡು ಹೋಗ್ತಾ ಇದೀಯಲ್ಲಪ್ಪ!"

"ಜಾಸ್ತಿ ಇದೆ ಅಕ್ಕಾ, ತೂಕ ಮಾಡಿ..."

"ಜಾಸ್ತಿ ಇದ್ರೆ ತಣ್ಣಗಾಗಲ್ವೇನೋ? ಯಾರ್ಗ್ ಹೇಳ್ತೀಯ?"

ನೇರ ಹೋಗಿ ಜಗಲಿಯ ಗ್ರಿಲ್ ಬಾಗಿಲಿಗೆ ಬೀಗ ಹಾಕಿ, ಕೀಲಿಯನ್ನು ಸೊಂಟಕ್ಕೆ ಸಿಕ್ಕಿಸಿಕೊಂಡರು. "ನನ್ ತಮ್ಮ ತಣ್ಣಗಾಗೋಗಂಟ ನೀನೂ ಇಲ್ಲೇ."

ಗ್ಯಾಸ್ ಆಗಲೇ ಹೊರಗೆ, ನಾನು ಒಳಗೆ. ಅರ್ಧಂಬರ್ಧ ನಡೆಯುತ್ತಿದ್ದ ಯಂತ್ರವನ್ನು ಪೂರ್ತಿ ನಿಲ್ಲಿಸಿದವನು ನಾನೇ. ತೂಕ ನೋಡಿದೆ: ಒಂದು ಕಿಲೋ ಮುನ್ನೂರೈವತ್ತು ಗ್ರಾಂ. ಯೂನಿಟ್ಟಿನ ಫಲಕದಲ್ಲಿ ಇದ್ದದ್ದು ಒಂಬೈನೂರು. ನನ್ನ ಊಹೆ ಸರಿಯಾಗಿತ್ತು. ಅದನ್ನು ಹೇಳಿಕೊಳ್ಳಲು ಮಾತ್ರ ಯಾರೂ ಇರಲಿಲ್ಲ. ವ್ಯಾಕ್ಯೂಮ್ ಪಂಪ್ ಗುರುಗುಟ್ಟುತ್ತಿತ್ತು. ಕರೆಂಟ್ ಹೋದರೆ? ಪಂಪ್ ಕೆಟ್ಟರೆ? ನಂಜುಂಡನಿಗೇ ಏನಾದರೂ ಆದರೆ? ರುದ್ರಮ್ಮ ಒದ್ದೆ ಬಟ್ಟೆಯಿಂದ ತಮ್ಮನ ಮೈ ಒರೆಸುತ್ತಿದ್ದರು. ಥರ್ಮಾಮೀಟರ್ ನೂರು ದಾಟಿತ್ತು. ನಾನು ರಟ್ಟೊಂದನ್ನು ಹಿಡಿದು ಅವನಿಗೆ ಗಾಳಿ ಬೀಸತೊಡಗಿದೆ. ನನ್ನ ಹಣೆಯಿಂದ ಬೆವರು ಧಾರೆಯಾಗಿ ಇಳಿಯುತ್ತಿತ್ತು. ಒರೆಸಲು ಕೈ ಎತ್ತಿದೆ.

"ಒರೆಸ್ಕೋಬೇಡ ಕಣಣ್ಣ," ಎಂದ ನಂಜುಂಡ. "ಬೆವ್ರು ನೋಡಕ್ಕಾದ್ರೂ ಇರ್ಲಿ."

ಕೊನೆಗೆ ಒಂಬೈನೂರು ಗ್ರಾಂ ಹಾಕಿ ಎ.ಸಿ. ಶುರು ಮಾಡಿದೆ. ಕಂಪ್ರೆಸರ್ ಹಗುರಾಗಿ ಓಡಿತು. ಆದರೆ ಬರುವ ಗಾಳಿಯಲ್ಲಿ ಇರಬೇಕಾದ ತಂಪು ಇರಲಿಲ್ಲ. ಕಾದೆ. ಇಲ್ಲ. ಗೇಜು ಹೇಳಿದ್ದು ಈ ಸಲ ಗ್ಯಾಸ್ ಕಡಿಮೆ ಎಂದು.

"ತೆಗ್ದಿದ್ದನ್ನೆಲ್ಲ ವಾಪಸ್ ಹಾಕು," ಎಂದರು ರುದ್ರಮ್ಮ. "ಹೆಂಗಿತ್ತೋ ಹಂಗೆ ಮಾಡ್ಬುಡು. ಸಾಕು."

ನನ್ನ ಕೈ ಸಿಲಿಂಡರಿನ ವಾಲ್ವಿನ ಮೇಲೇ ಇತ್ತು. ತೆರೆದುಬಿಟ್ಟರೆ ಬೀಗ ತೆಗೆಯುತ್ತಾರೆ. ಬಂದಾಗ ಇದ್ದ ಸ್ಥಿತಿಯಲ್ಲೇ ಬಿಟ್ಟುಹೋದರೆ ತಪ್ಪು ನನ್ನದಾಗುವುದಿಲ್ಲ. ಆದರೆ ನಂಜುಂಡ ಮುಂದಿನ ವಾರ ಮತ್ತೆ ಆಸ್ಪತ್ರೆಗೆ ಹೋಗುತ್ತಾನೆ. ಕೈ ಹಿಂತೆಗೆದು ಯೋಚಿಸಿದೆ. ಫಲಕದ ಲೆಕ್ಕ ಐದು ಮೀಟರ್ ಪೈಪಿಗೆ. ಅದಕ್ಕಿಂತ ಉದ್ದವಿದ್ದರೆ ಮೀಟರಿಗೆ ಇಪ್ಪತ್ತು ಗ್ರಾಂ ಸೇರಿಸಬೇಕು. ಕಣ್ಣಿಗೆ ಕಾಣುವ ಪೈಪ್ ಐದೇ ಮೀಟರ್. ಕಾಣದ್ದು?

"ಇದನ್ನ ಫಿಟ್ ಮಾಡುವಾಗ ಯಾರು ನೋಡಿದ್ರಿ?"

"ನಾನಲ್ದೆ ಇನ್ಯಾರು?" ಎಂದ ನಂಜುಂಡ. "ನಂಗಿರೋದು ಒಂದೇ ಡ್ಯೂಟಿ, ಸೂರು ನೋಡೋದು. ಮುಂದೆ ನನ್ ಮಂಚ ನಡುಮನೆಗೆ ಹಾಕೋಣ ಅಂತ ಪೈಪು ಉದ್ದ ತರ್ಸಿದ್ರು. ಮಿಕ್ಕಿದ್ದನ್ನ ಕತ್ತರಿಸ್ದೆ ಅಟ್ಟದ್ಮೇಲೆ ಸುತ್ತಿ ಇಟ್ಟವ್ರೆ."

ಅಟ್ಟ ಹತ್ತಿದೆ. ಹಳೇ ಗೋಣಿಚೀಲಗಳ ಹಿಂದೆ ಏಳು ಮೀಟರ್ ತಾಮ್ರದ ಪೈಪು, ಸುರುಳಿ ಸುತ್ತಿ ಮಲಗಿತ್ತು. ಇಳಿದು ಬಂದು ನೂರನಲವತ್ತು ಗ್ರಾಂ ಸೇರಿಸಿದೆ. ಸ್ವಲ್ಪ ಹೊತ್ತಿನಲ್ಲೇ ಗಾಳಿ ತಣ್ಣಗೆ ಬೀಸತೊಡಗಿತು. ನಂಜುಂಡ ಕಣ್ಣು ಮುಚ್ಚಿದ. ಥರ್ಮಾಮೀಟರ್ ನಿಧಾನವಾಗಿ ಇಳಿಯುವುದನ್ನು ನೋಡಿ ರುದ್ರಮ್ಮ ಎದ್ದು ಬೀಗ ತೆಗೆದರು.

ನಾನು ಹೋಗಲಿಲ್ಲ. ಪ್ರೆಶರ್ ಇನ್ನೊಮ್ಮೆ ನೋಡಿದೆ, ಮತ್ತೂ ಒಮ್ಮೆ ನೋಡಿದೆ. ಮಂಚದ ಪಕ್ಕ ಸ್ಟೂಲ್ ಹಾಕಿಕೊಂಡು ಕೂತೆ.

"ಬೀಗ ಹಾಕ್ದಾಗ ಬಾಗ್ಲನ್ನೇ ನೋಡ್ತಿದ್ದೋನು, ತೆಗುದ್ಮೇಲೆ ಏಳ್ತಾನೇ ಇಲ್ವಲ್ಲಪ್ಪ," ರುದ್ರಮ್ಮ ಮೊದಲ ಸಲ ನಕ್ಕು ಮಜ್ಜಿಗೆ ತಂದಿಟ್ಟರು.

ಅಂದಿನಿಂದ ನಾನು ಗೇಜ್ ಹಚ್ಚುವ ಮೊದಲು ಆ ಕೋಣೆಯಲ್ಲೇ ಇರುವವರ ಹತ್ತಿರ ಹೋಗಿ ಕೇಳುತ್ತೇನೆ: ಯಾವಾಗಿಂದ, ಯಾರು ಹಾಕಿದರು, ಪೈಪ್ ಎಲ್ಲಿಂದ ಎಲ್ಲಿಗೆ. ಫಲಕದ ಅಂಕಿ ಕಾರ್ಖಾನೆಯವರದ್ದು. ಮನೆಯ ಲೆಕ್ಕ ಮನೆಯವರಿಗೇ ಗೊತ್ತು. ಕಸುಬು ಕಲಿಸಿದ್ದು ಇಷ್ಟು. ಚಿಂತೆ ಮಾಡುವುದನ್ನು ಮಾತ್ರ ಅದಕ್ಕೂ ಬಿಡಿಸಲಾಗಲಿಲ್ಲ.

ಅವತ್ತು ಮಜ್ಜಿಗೆ ಕುಡಿದ ಮೇಲೂ ಏಳದಿದ್ದ ನನ್ನನ್ನು ಎಬ್ಬಿಸಿದವನು ನಂಜುಂಡ. ಕಣ್ಣು ತೆರೆಯದೆಯೇ ಹೇಳಿದ: "ಹೋಗಣ್ಣ. ಹೋಗಕ್ ಆಗೋರು ಹೋಗ್ಬೇಕು."