ಕೂರ್ಸಿದ್ದ್ ಯಾರ್?

ಹೋದ ವರ್ಷ ಫೆಬ್ರವರಿಯ ಮೊದಲ ಭಾನುವಾರ, ಬ್ರಹ್ಮಾವರದ ಆಚೆ ಒಂದು ಖಾಸಗಿ ರಸ್ತೆಯಲ್ಲಿ ನಡೆದ ಡ್ರ್ಯಾಗ್ ರೇಸಿನಲ್ಲಿ ಹಳೆಯ ಅಂಬಾಸಿಡರ್ ಕಾರೊಂದರ ಹಿಂದಿನ ಸ್ಪ್ರಿಂಗ್ ಪ್ಲೇಟು ಮುರಿಯಿತು. ಕಾರು ಅಡ್ಡ ತಿರುಗಿ ಟಯರುಗಳ ಗೋಡೆಗೆ ಬಡಿಯಿತು. ಓಡಿಸುತ್ತಿದ್ದ ಬೈಂದೂರಿನ ಯುವಕನ ಕಾಲಿನ ಮೂಳೆ ಮುರಿಯಿತು. ಮರುದಿನ ಸಂಘಟನಾ ಸಮಿತಿ ಇದಕ್ಕೆ ಹೊಣೆ ಯಾರೆಂದು ಪ್ರಕಟಿಸಿತು. ಆ ಮನುಷ್ಯನ ಮುಖವನ್ನು ಸಮಿತಿಯ ಯಾರೊಬ್ಬರೂ ನೋಡಿರಲಿಲ್ಲ.

ನೋಡಿದ್ದರೆ ಮೊದಲು ಕಾಣುತ್ತಿದ್ದುದು ಅವರ ಎಡಗಿವಿ. ಅದು ಯಾವಾಗಲೂ ಕಪ್ಪು. ಗಾಡಿಯಿಂದ ಬಿಚ್ಚಿದ ಪ್ಲೇಟನ್ನು ಸುತ್ತಿಗೆಯ ಹಿಡಿಯಿಂದ ತಟ್ಟಿ, ಕಿವಿಯನ್ನು ಅದಕ್ಕೇ ಒತ್ತಿ ಸದ್ದು ಕೇಳುವುದು ಅವರ ಪದ್ಧತಿ. ಗ್ರೀಸು, ತುಕ್ಕು, ಹೆದ್ದಾರಿಯ ಧೂಳು ಎಲ್ಲವೂ ಅಲ್ಲಿ ಕೂಡಿಕೊಂಡಿದ್ದವು. “ಇವ್ರ ಕೆಮಿ ಕಂಡ್ರೆ ಸಾಬೂನೇ ಓಡಿ ಹೋತ್ತ್” ಎಂದು ಅವರ ಹೆಂಡತಿ ನಗುತ್ತಿದ್ದರು.

ತೆಕ್ಕಟ್ಟೆಯಲ್ಲಿ ನಮ್ಮ ಮನೆಯ ಪಕ್ಕದ ಮನೆ ಅವರದು; ಶೆಡ್ಡು ಹೆದ್ದಾರಿಯ ಬದಿಯಲ್ಲಿ. ಬಾಗಿದ ಉಕ್ಕಿನ ಪಟ್ಟಿಗಳನ್ನು ಒಂದರ ಮೇಲೊಂದು ಕಟ್ಟಿ ಗಾಡಿಯ ಭಾರ ಹೊರಿಸುತ್ತಾರಲ್ಲ, ಆ ಪ್ಲೇಟಿನ ಕೆಲಸ ಬಿಟ್ಟರೆ ಬೇರೆ ಯಾವುದನ್ನೂ ಅವರು ಮುಟ್ಟುತ್ತಿರಲಿಲ್ಲ. ಊರಿಗೆಲ್ಲ ಅವರು ಪ್ಲೇಟ್ ಮಾವ.

ವಿನಯ ಅವರ ಗುಣವಾಗಿರಲಿಲ್ಲ. ಕೆಂಪುಕಲ್ಲು ಹೇರುವ ಲಾರಿಯವರು ಬಂದು “ಮಾವ, ಪ್ಲೇಟ್ ಕಟ್ಟಾಯ್ತ್” ಎಂದರೆ, “ಅದ್ ಕಟ್ ಆದ್ದಲ್ಲ, ನೀ ಕಟ್ ಮಾಡಿದ್ದ್. ಅಷ್ಟ್ ಕಲ್ಲ್ ಹೇರುವತಿಗೆ ಪ್ಲೇಟಿನ ಹತ್ರ ಒಂದ್ ಮಾತ್ ಕೇಂಡಿದ್ಯಾ?” ಎಂದು ಎಲ್ಲರೆದುರು ಬೈಯುವರು. ಬೈದು ಮುಗಿದ ಮೇಲೆ ಚಹಾ ತರಿಸುವರು. ತಮ್ಮಂಥ ಕೈ ಕುಂದಾಪುರದಿಂದ ಭಟ್ಕಳದವರೆಗೆ ಇಲ್ಲವೆಂದು ಅವರೇ ಹೇಳಿಕೊಳ್ಳುತ್ತಿದ್ದರು. ಬಸ್ರೂರಿನಲ್ಲಿ ಇದೇ ಕೆಲಸ ಮಾಡುವ ಇನ್ನೊಬ್ಬರ ಹೆಸರೆತ್ತಿದರೆ ಉಗುಳುತ್ತಿದ್ದರು.

ನಾನು ಪತ್ರಿಕೆ ಸೇರಿದ ಮೇಲೆ ಆ ಬೈಗುಳದಲ್ಲಿ ನನಗೂ ಪಾಲು ಸಿಗತೊಡಗಿತು. ಬೆಳಿಗ್ಗೆ ಶೆಡ್ಡಿನ ಮುಂದೆ ಹಾದರೆ, “ಹ್ವಾಯ್ ಮಾಣಿ, ಬಾ ಇಲ್ಲಿ. ‘ಎನ್ನಲಾಗಿದೆ’ ಅಂದೇಳಿ ಬರ್ದಿದ್ದೆ. ಎಂದದ್ದ್ ಯಾರ್ ಮಾರಾಯಾ? ಅವಂಗೆ ಹೆಸ್ರಿಲ್ಯಾ?” ಎಂದು ಹಿಡಿದು ನಿಲ್ಲಿಸುವರು. ಸಂಪಾದಕರು ಹೇಳಿ ಹೇಳಿ ಸೋತ ಪಾಠವನ್ನು ಇವರ ಗೇಲಿ ಕಲಿಸಿತು. ಆ ಪದವನ್ನು ನಾನು ಬರೆಯುವುದು ಬಿಟ್ಟೆ.

ಬೈಂದೂರಿನ ಯುವಕ ಮೀನು ವ್ಯಾಪಾರದ ಮನೆಯವನು. ಗೆಳೆಯರಿಬ್ಬರನ್ನು ಕೂಡಿಕೊಂಡು ಅಜ್ಜನ ಕಾಲದ ಅಂಬಾಸಿಡರ್‌ಗೆ ಬೇರೆ ಎಂಜಿನ್ ಇಳಿಸಿದ್ದ. ಕಾರಿನ ಹಿಂಭಾಗ ತಗ್ಗಿಸಿಕೊಡಬೇಕೆಂದು ಮೂವರೂ ಮಾವನ ಬಳಿ ಬಂದರು. ಆ ಕಾರಿನಲ್ಲಿ ಪ್ಲೇಟುಗಳು ಹಿಂಚಕ್ರಗಳನ್ನು ಸೇರಿಸುವ ಆಕ್ಸಲಿನ ಕೆಳಗಿರುತ್ತವೆ. ಮಾವ ಹಳೆಯ ಪ್ಲೇಟು ತೆಗೆದು ಹೊಸ ಪ್ಲೇಟು ಹಾಕಿದರು. ಆಕ್ಸಲಿಗೂ ಪ್ಲೇಟಿಗೂ ನಡುವೆ ಕಬ್ಬಿಣದ ಗಟ್ಟಿ ಇಟ್ಟು ಉದ್ದನೆಯ ಬೋಲ್ಟುಗಳಿಂದ ಬಿಗಿದರು. ಕಾರು ತಗ್ಗಿತು, ಪ್ಲೇಟಿನ ಬಾಗು ಹಾಗೇ ಉಳಿಯಿತು. ನಾನು ಅಲ್ಲೇ ಚಹಾ ಕುಡಿಯುತ್ತಿದ್ದೆ.

“ಇನ್ನೂ ಸ್ವಲ್ಪ ಕೆಳ್ಗೆ ಬರ್ಕ್ ಮಾವ. ಗ್ಯಾಸ್ ಹಿಡ್ದ್ ಬಿಸಿ ಮಾಡ್ರೆ ಬತ್ತಿಲ್ಯಾ?” ಎಂದು ಯುವಕ ಕೇಳಿದ.

“ಬತ್ತ್. ನಿನ್ನ್ ಹೆಣವೂ ಮನಿಗ್ ಬತ್ತ್. ಗಾಡಿ ತಗ್ಗಕ್, ಪ್ಲೇಟ್ ಕೂಕಂಬುಕಾಗ. ಕೂಕಂಡ್ ಪ್ಲೇಟ್ ಸತ್ತ್ ಪ್ಲೇಟ್.”

ಮೂವರೂ ನಕ್ಕು ಹೋದರು. ರೇಸಿನ ಹಿಂದಿನ ದಿನ, ಬೇರೆ ತಂಡದ ಕಾರು ತಮ್ಮದಕ್ಕಿಂತ ತಗ್ಗಾಗಿ ಕಂಡಿತೆಂದು, ಗ್ರಿಲ್ ಕೆಲಸದವನೊಬ್ಬನ ಗ್ಯಾಸ್ ತಂದು ತಾವೇ ಪ್ಲೇಟಿಗೆ ಬೆಂಕಿ ಹಿಡಿದು ಅದರ ಬಾಗು ತೆಗೆದರು.

ಗ್ಯಾರೇಜಿನ ಮಾತಿನಲ್ಲಿ ‘ಕೂರಿಸು’ ಎಂಬುದಕ್ಕೆ ಎರಡು ಅರ್ಥ. ಪ್ಲೇಟನ್ನು ಅದರ ಜಾಗದಲ್ಲಿ ಜೋಡಿಸಿದರೂ ಕೂರಿಸಿದ್ದು. ಬಾಗು ತೆಗೆದು ಚಪ್ಪಟೆ ಮಾಡಿದರೂ ಕೂರಿಸಿದ್ದು. ಘಟ್ಟದ ಮೇಲಿನಿಂದ ಬಂದಿದ್ದ ಸಮಿತಿಯ ಕಾರ್ಯದರ್ಶಿ ಚಪ್ಪಟೆಯಾಗಿದ್ದ ತುಂಡನ್ನು ಕೈಯಲ್ಲಿ ಹಿಡಿದು, ಆಂಬುಲೆನ್ಸಿನಲ್ಲಿ ನರಳುತ್ತಿದ್ದವನನ್ನು ಕೇಳಿದರು: “ಪ್ಲೇಟ್ ಕೂರಿಸಿದ್ದು ಯಾರು?”

“ಕೂರ್ಸಿದ್ದ್ ತೆಕ್ಕಟ್ಟೆ ಪ್ಲೇಟ್ ಮಾವ” ಎಂದ ಯುವಕ. ಚಪ್ಪಟೆ ಮಾಡಿದವರು ಯಾರೆಂದು ಅವರು ಕೇಳಿದ್ದು; ಜೋಡಿಸಿದವರು ಯಾರೆಂದು ಕೇಳಿದರೆಂದೇ ಅವನು ತಿಳಿದದ್ದು.

ವಿಚಾರಣೆ ಅಲ್ಲಿಗೆ ಮುಗಿಯಿತು. ತೆಕ್ಕಟ್ಟೆಯ ಮೆಕ್ಯಾನಿಕ್ ಪ್ಲೇಟಿಗೆ ಬೆಂಕಿ ಕೊಟ್ಟು ಸತ್ವ ತೆಗೆದನೆಂದೂ, ಅವನು ಮುಟ್ಟಿದ ಗಾಡಿಗೆ ಇನ್ನು ಮುಂದೆ ಪ್ರವೇಶವಿಲ್ಲವೆಂದೂ ಸಮಿತಿ ಹೇಳಿತು. ಪತ್ರಿಕೆಗಳು ಹಾಗೇ ಅಚ್ಚು ಹಾಕಿದವು, ನಮ್ಮದೂ ಸೇರಿ.

ನಾನು ಆಸ್ಪತ್ರೆಗೆ ಹೋದೆ. “ಬೆಂಕಿ ಕೊಟ್ಟದ್ದ್ ನಾವ್. ಮಾವ ಬ್ಯಾಡ ಅಂದಿರ್. ನಾ ಹೇಳಿದ್ದ್ ಫಿಟ್ ಮಾಡಿದ್ದ್ ಅವ್ರ್ ಅಂದೇಳಿ” ಎಂದು ಯುವಕ ಗೆಳೆಯರ ಎದುರೇ ಹೇಳಿದ. ಗೆಳೆಯರೂ ಗ್ಯಾಸ್ ಕೊಟ್ಟ ಗ್ರಿಲ್ ಕೆಲಸದವನೂ ಅದನ್ನೇ ಹೇಳಿದರು. ಕಾರ್ಯದರ್ಶಿಗೆ ಫೋನ್ ಮಾಡಿ ಎಲ್ಲವನ್ನೂ ಓದಿ ಹೇಳಿದೆ.

“ಪ್ರಕಟಣೆ ಹೊರಟಾಗಿದೆ. ನಿಮ್ಮ ಕಡೆಯ ಭಾಷೆಯ ಗೊಂದಲಕ್ಕೆ ನಾವು ಹೊಣೆಯಲ್ಲ” ಎಂದರು.

ಭಾಷೆಯ ಮಾತು ಬಿಡಿ. ಬ್ರಹ್ಮಾವರದಿಂದ ತೆಕ್ಕಟ್ಟೆಗೆ ಒಂದೇ ಹೆದ್ದಾರಿ. ಬಂದು ಒಳಗೆ ಇಣುಕಿದ್ದರೆ ಸಾಕಿತ್ತು. ಪ್ಲೇಟನ್ನು ತಣ್ಣಗೆ ಬಡಿದೇ ಬಾಗಿಸುತ್ತಿದ್ದ ಆ ಶೆಡ್ಡಿನಲ್ಲಿ ಗ್ಯಾಸ್ ಎಂಬುದೇ ಇರಲಿಲ್ಲ. ಚಹಾ ಕೂಡ ಎದುರಿನ ಅಂಗಡಿಯಿಂದ ಬರುತ್ತಿತ್ತು. ಒಬ್ಬ ಮನುಷ್ಯನ ಹೆಸರು ಕೆಡಿಸಲು ಒಂದು ಪದ ಸಾಕಾಯಿತು. ಸರಿಪಡಿಸಲು ಯುವಕನ ಹೇಳಿಕೆ, ಗೆಳೆಯರ ಹೇಳಿಕೆ, ಗ್ರಿಲ್ ಕೆಲಸದವನ ಹೇಳಿಕೆ, ಯಾವುದೂ ಸಾಲಲಿಲ್ಲ. ನಾನು ಬರೆದ ಸ್ಪಷ್ಟೀಕರಣ ಒಳಪುಟದಲ್ಲಿ ಒಂದು ಕಾಲಮ್ಮಿನಲ್ಲಿ ಬಂತು.

ಲಾರಿಯವರು ಮಾವನನ್ನು ಬಿಡಲಿಲ್ಲ. ಶಾಲೆಯ ವ್ಯಾನಿನವರು ಬಿಟ್ಟರು. ಮಕ್ಕಳ ತಂದೆತಾಯಿ ಪತ್ರಿಕೆ ಓದಿದ್ದರು. ವ್ಯಾನಿನವರೊಬ್ಬರು ದಾರಿಯಲ್ಲಿ ಸಿಕ್ಕಿ ಮುಖ ತಿರುಗಿಸಿದಾಗ ಮಾವ ಕರೆದು, “ಹ್ವಾಯ್, ಹೆದ್ರ್ಬೇಡಿ. ಗಾಡಿ ತಕಂಡ್ ಬನ್ನಿ. ಕೂರ್ಸುದಿಲ್ಲ, ನಿಲ್ಸಿಯೇ ಕೊಡ್ತೆ” ಎಂದರು. ಅವರು ನಗಲಿಲ್ಲ. ಮಾವನೂ ನಗಲಿಲ್ಲ. ಆಮೇಲೆ ಕುಂದಾಪುರದಿಂದ ಭಟ್ಕಳದವರೆಗಿನ ಮಾತನ್ನು ನಾನು ಅವರ ಬಾಯಿಂದ ಕೇಳಲಿಲ್ಲ.

ಯುವಕ ಊರುಗೋಲು ಹಿಡಿದು ಬಂದು ಕ್ಷಮೆ ಕೇಳಿದ. “ಕೂಕೊ. ನೀ ಸುಳ್ಳ್ ಹೇಳ್ಲಿಲ್ಲ. ಕೇಂಡವ ಮತ್ತೊಂದ್ ಸಲ ಕೇಣ್ಕಿತ್ತ್, ಅಷ್ಟೇ” ಎಂದರು ಮಾವ.

ಹೋದ ಸೋಣ ತಿಂಗಳಲ್ಲಿ, ಆಗಸ್ಟ್ ಕೊನೆಯ ಹೊತ್ತಿಗೆ, ಮಧ್ಯಾಹ್ನದ ಊಟ ಮುಗಿಸಿ ಕೈ ತೊಳೆಯಲು ಎದ್ದ ಮಾವ ಅಲ್ಲೇ ಕುಸಿದು ತೀರಿಕೊಂಡರು. ಸಮಿತಿ ತನ್ನ ಹೇಳಿಕೆಯನ್ನು ಹಿಂದಕ್ಕೆ ಪಡೆದಿಲ್ಲ. ಈ ವರ್ಷದ ರೇಸಿನ ನಿಯಮಗಳಲ್ಲಿ ಹೊಸದೊಂದು ಸೇರಿದೆ: ಹಿಂಭಾಗ ತಗ್ಗಿಸಲು ಪ್ಲೇಟಿಗೆ ಬೆಂಕಿ ಕೊಟ್ಟ ಗಾಡಿಗೆ ಪ್ರವೇಶವಿಲ್ಲ, ಆಕ್ಸಲಿಗೂ ಪ್ಲೇಟಿಗೂ ನಡುವೆ ಗಟ್ಟಿ ಇಟ್ಟು ತಗ್ಗಿಸಬಹುದು.