ಹಿಟ್ಟು ಉಬ್ಬಿಸಿದವರು ಯಾರು?

ನನ್ನ ತಾಯಿಯ ಅಣ್ಣ ಬ್ರೆಡ್ ಮಾಡುವವರು. ಮನೆಮಂದಿಗೆಲ್ಲ ಅವರು ಬೇಕರಿ ಮಾವ. ರಸ್ತೆಗೆ ಮುಖ ಮಾಡಿ ಅಂಗಡಿ, ಅದರ ಹಿಂದೆ ಹಿಟ್ಟಿನ ಕೋಣೆ, ಅದಕ್ಕೂ ಹಿಂದೆ ಒಲೆ, ಮಹಡಿಯ ಮೇಲೆ ಮನೆ. ತಲೆಯ ಮೇಲೆ, ಹುಬ್ಬಿನ ಮೇಲೆ ಸದಾ ಮೈದಾ ಇರುತ್ತಿದ್ದುದರಿಂದ ಮಾವನ ಕೂದಲು ನೆರೆತದ್ದು ಯಾವಾಗ ಎಂದು ಯಾರಿಗೂ ತಿಳಿಯಲಿಲ್ಲ.

ಮಾವನಿಗೆ ತಮ್ಮ ಕೈಗುಣದ ಮೇಲೆ ಎಲ್ಲಿಲ್ಲದ ನಂಬಿಕೆ. ದಿನವೂ ಕಲಸಿದ ಹಿಟ್ಟಿನಲ್ಲಿ ಒಂದು ಮುದ್ದೆ ಎತ್ತಿಟ್ಟು ಮರುದಿನದ ಹಿಟ್ಟಿಗೆ ಸೇರಿಸುತ್ತಿದ್ದರು. ಅವರ ಅಪ್ಪ ಹಾಗೆ ಮಾಡುತ್ತಿದ್ದರು, ಇವರೂ ಮಾಡುತ್ತಿದ್ದರು, ಅಷ್ಟೆ. ಹಿಟ್ಟು ಉಬ್ಬುವುದು ಮಾತ್ರ ತಮ್ಮ ಕೈಯ ಮಹಿಮೆಯಿಂದ ಎಂಬುದು ಅವರ ಸಿದ್ಧಾಂತ. ಆದ್ದರಿಂದ ಹಿಟ್ಟಿನ ಕೋಣೆಗೆ ಬೇರೆ ಯಾರಿಗೂ ಪ್ರವೇಶವಿರಲಿಲ್ಲ. ಅತ್ತೆ ಮದುವೆಯಾಗಿ ಬಂದ ಹೊಸತರಲ್ಲಿ ಒಮ್ಮೆ ಹಿಟ್ಟಿಗೆ ಕೈ ಹಾಕಿದ್ದರಂತೆ. ಅವತ್ತು ಕೊರೆಯುವ ಚಳಿ, ಹಿಟ್ಟು ಏಳಲಿಲ್ಲ. ಅಪವಾದ ಚಳಿಯ ಮೇಲೆ ಬರಲಿಲ್ಲ. ಅಂದಿನಿಂದ ಅತ್ತೆಯ ಜಾಗ ಗಲ್ಲಾಪೆಟ್ಟಿಗೆಯ ಹಿಂದೆ. ನಾನೊಮ್ಮೆ ಬಾಗಿಲಲ್ಲಿ ನಿಂತು ಸೀನಿದ್ದೆ. ಆ ದಿನದ ಚಪ್ಪಟೆ ಬ್ರೆಡ್ ನೆಂಟರಿಷ್ಟರ ನಡುವೆ ಇಂದಿಗೂ ನನ್ನ ಹೆಸರಿನಲ್ಲೇ ಇದೆ.

ಮಾವನ ಮಗಳು ಶಾಲೆಯಲ್ಲಿ ವಿಜ್ಞಾನದ ಟೀಚರ್. ಒಂದು ರಜೆಯ ಮಧ್ಯಾಹ್ನ, ಪಾಠಕ್ಕೆ ತಯಾರಿ ಮಾಡಿಕೊಳ್ಳಲು ಸೂಕ್ಷ್ಮದರ್ಶಕವನ್ನು ಮನೆಗೆ ತಂದಿದ್ದಳು. ಈರುಳ್ಳಿ ಸಿಪ್ಪೆ ನೋಡಿದ್ದಾಯಿತು. ನನ್ನ ಉಗುರಿನ ಕೊಳೆಯನ್ನೂ ನೋಡಿದಳು. ಆಮೇಲೆ ಗಾಜನ್ನು ಎರಡು ಸಲ ತೊಳೆದಳು. ಕೊನೆಗೆ ಎತ್ತಿಟ್ಟ ಹಿಟ್ಟಿನ ಒಂದು ಚೂರನ್ನು ಅಪ್ಪನಿಂದಲೇ ತರಿಸಿಕೊಂಡು ನೀರಿನಲ್ಲಿ ಕದಡಿ ಇಟ್ಟು ಅಪ್ಪನನ್ನು ಕರೆದಳು. ಮಾವ ಒಂದು ಕಣ್ಣು ಮುಚ್ಚಿ ಬಗ್ಗಿದರು. ಮುಚ್ಚಿದ್ದು ನೋಡಬೇಕಾದ ಕಣ್ಣು ಎಂದು ತಿಳಿದ ಮೇಲೆ ಬದಲಾಯಿಸಿಕೊಂಡರು.

“ಇವೇನು, ಗುಂಡುಗುಂಡಗೆ?”

“ಇವೇ ಅಪ್ಪಾ ಹಿಟ್ಟು ಉಬ್ಬಿಸೋದು. ಜೀವ ಇದೆ ಇವಕ್ಕೆ. ಹಿಟ್ಟು ತಿಂತಾವೆ, ಗಾಳಿ ಬಿಡ್ತಾವೆ. ಅದಕ್ಕೇ ಉಬ್ಬುತ್ತೆ.”

ಮಾವ ಬಹಳ ಹೊತ್ತು ನೋಡಿದರು. ಆಮೇಲೆ ತಲೆ ಎತ್ತಿ, “ಮತ್ತೆ ನಾನು?” ಎಂದರು.

“ನೀನು ಅವಕ್ಕೆ ಊಟ ಹಾಕ್ತೀಯ.”

ಭೂಮಿ ಜಗತ್ತಿನ ನಟ್ಟನಡುವೆ ಇಲ್ಲ ಎಂದು ತಿಳಿದಾಗ ಮನುಷ್ಯಕುಲದ ಮುಖ ಸಪ್ಪಗಾಯಿತು. ಮಂಗನ ಕಡೆಯ ನೆಂಟಸ್ತಿಕೆ ಬಯಲಾದಾಗ ಇನ್ನಷ್ಟು. ಆದರೆ ಆ ದುಃಖ ಹಂಚಿಕೊಳ್ಳಲು ಕೋಟ್ಯಂತರ ಜನ ಇದ್ದರು, ಸುಧಾರಿಸಿಕೊಳ್ಳಲು ತಲೆಮಾರುಗಳೇ ಇದ್ದವು. ಮಾವ ಒಬ್ಬರೇ, ಅದೂ ಸಂಜೆಯ ಟೀ ಬರುವುದರೊಳಗೆ ಸುಧಾರಿಸಿಕೊಳ್ಳಬೇಕಿತ್ತು. ನನ್ನ ವಿಜ್ಞಾನ ಬಲ್ಬ್ ಬದಲಿಸುವಲ್ಲಿಗೆ ಮುಗಿಯುತ್ತದೆ, ಅದೂ ಯಾರಾದರೂ ಕುರ್ಚಿ ಹಿಡಿದುಕೊಂಡರೆ. ಆದರೂ ಸಮಾಧಾನ ಹೇಳಲು ಹೋಗಿ, ಎಲ್ಲ ಬೇಕರಿಯಲ್ಲೂ ಇವೇ ಇರುತ್ತವಂತೆ ಎಂದುಬಿಟ್ಟೆ. ಅಲ್ಲಿಯವರೆಗೆ ಅವು ತಮ್ಮ ಖಾಸಗಿ ಸಿಬ್ಬಂದಿ ಎಂದಾದರೂ ಮಾವ ಅಂದುಕೊಂಡಿದ್ದರು. ಅದೂ ಹೋಯಿತು.

ಮರುದಿನ ಮಾವ ಹಿಟ್ಟು ಕಲಸಲಿಲ್ಲ. ಖಾಲಿ ಟ್ರೇಗಳ ಪಕ್ಕ ಸ್ಟೂಲ್ ಹಾಕಿಕೊಂಡು ಪೇಪರ್ ಹಿಡಿದರು. ಬ್ರೆಡ್ ಕೇಳಿದವರಿಗೆಲ್ಲ, “ಕೆಲಸ ಮಾಡೋರು ಒಳಗಿದ್ದಾರೆ, ಅವರನ್ನೇ ಕೇಳಿ” ಎಂಬ ಉತ್ತರ. ಗಿರಾಕಿಗಳು ಇಣುಕಿ ನೋಡಿ, ಯಾರೂ ಕಾಣದೆ, ಮಾವನಿಗೆ ಜ್ವರವೇ ಎಂದು ಅತ್ತೆಯನ್ನು ಕಣ್ಣಲ್ಲೇ ವಿಚಾರಿಸಿ ಹೋದರು. ಮರುದಿನವೂ ಅದೇ ಕಥೆ. ಅದರ ಮರುದಿನ ಎತ್ತಿಟ್ಟ ಹಿಟ್ಟು ಮೂಗಿಗೆ ಹೊಡೆಯುವಷ್ಟು ಹುಳಿಯಾಗಿತ್ತು. ಹೊಸ ಹಿಟ್ಟು ಸೇರಿಸದೆ ಹೀಗೇ ಬಿಟ್ಟರೆ ಅದರೊಳಗಿನವು ಸತ್ತೇ ಹೋಗುತ್ತವೆ ಎಂದಳು ಮಗಳು. ಮಾವನ ಅಪ್ಪನ ಕಾಲದಿಂದ ಮುದ್ದೆಯಿಂದ ಮುದ್ದೆಗೆ ಬಂದದ್ದು ಅದು. ಹೋದರೆ ಮತ್ತೆ ಬರುವುದಲ್ಲ. ಮಾವ ಪೇಪರಿನ ಹಾಳೆ ಮಗುಚಿದರು. ಪೇಪರ್ ಮೊನ್ನೆಯದು.

ಅತ್ತೆ ಮಗಳ ಕಡೆ ತಿರುಗಿದರು. “ಕಲಸೋದು ಯಾರ ಕೈ ಅಂತ ಅವಕ್ಕೆ ಗೊತ್ತಾಗುತ್ತಾ?”

“ಇಲ್ಲಮ್ಮ. ಬೆಚ್ಚಗಿದ್ರೆ ಸಾಕು ಅವಕ್ಕೆ.”

“ಅವತ್ತು ಚಳಿ ಇತ್ತು,” ಎಂದರು ಅತ್ತೆ, ಅಷ್ಟೆ. ಎದ್ದು ಕೈ ತೊಳೆದು, ಗಲ್ಲಾಪೆಟ್ಟಿಗೆಗೆ ಬೀಗ ಹಾಕಿ, ಬೀಗದ ಕೈಯನ್ನು ಮಾವನ ಮಡಿಲಲ್ಲಿ ಇಟ್ಟರು. ಹಿಟ್ಟಿನ ಕೋಣೆಗೆ ಹೋಗಿ ಬಾಗಿಲು ಹಾಕಿಕೊಂಡರು.

ಒಳಗಿನಿಂದ ಹಿಟ್ಟು ನಾದುವ ಸದ್ದು ಬರತೊಡಗಿತು. ಇಷ್ಟು ಜೋರಾಗಿ ನಾದಬಾರದು ಎಂದು ಮಾವ ಪೇಪರಿಗೆ ಹೇಳಿದರು. ಆಮೇಲೆ ಸದ್ದು ನಿಂತಿತು. ಇನ್ನು ಕಾಯುವುದೊಂದೇ. ಮಾವನ ಪಾಡು ನೋಡುವಂತಿರಲಿಲ್ಲ. ಹಿಟ್ಟು ಏಳದಿದ್ದರೆ ಅಪ್ಪನಿಂದ ಬಂದದ್ದು ಹೋಯಿತು. ಎದ್ದರೆ ಇಷ್ಟು ವರ್ಷ ತಾವು ಅಂದುಕೊಂಡದ್ದೆಲ್ಲ ಹೋಯಿತು. ಏನಾಗಲಿ ಎಂದು ಬಯಸಬೇಕೋ ತಿಳಿಯದೆ ಅವರು ಬೀಗದ ಕೈಯನ್ನು ಈ ಅಂಗೈಯಿಂದ ಆ ಅಂಗೈಗೆ ದಾಟಿಸುತ್ತ ಕೂತರು. ಅಷ್ಟರಲ್ಲಿ ಬನ್ ಕೇಳಿಕೊಂಡು ಬಂದವನೊಬ್ಬನಿಗೆ ಸುಮ್ಮನಿರುವಂತೆ ಕೈಸನ್ನೆ ಮಾಡಿದರು. ಅವನೂ ಪಾಪ ಸುಮ್ಮನೆ ನಿಂತ.

ಕೊನೆಗೆ ಬಾಗಿಲು ಒಂದಿಷ್ಟು ತೆರೆಯಿತು. ಅತ್ತೆಯ ಹುಬ್ಬಿನ ಮೇಲೂ ಮೈದಾ.

“ರೀ, ಹಿಟ್ಟು ತೊಟ್ಟಿ ತುಂಬಿ ಹೊರಗೆ ಬರ್ತಾ ಇದೆ.”

ಮಾವನ ಮುಖ ಬಾಡುತ್ತದೆಂದು ನಾನು ಅತ್ತ ತಿರುಗುವಷ್ಟರಲ್ಲಿ ಸ್ಟೂಲ್ ಖಾಲಿ. ಅವರು ಆಗಲೇ ಆ ಬಾಗಿಲಲ್ಲಿದ್ದರು. ಅತ್ತೆಯ ಹೆಗಲ ಮೇಲಿಂದ ಇಣುಕಿ, ತೊಟ್ಟಿಯ ಅಂಚು ಮೀರಿ ನಿಂತಿದ್ದ ಹಿಟ್ಟನ್ನು ನೋಡಿದರು. ಎಷ್ಟು ಚೆನ್ನಾಗಿ ಬಂದಿದೆ ಎಂಬುದನ್ನು ಬ್ರೆಡ್ ಮಾಡುವವರಿಗೆ ಯಾರೂ ಹೇಳಿಕೊಡಬೇಕಾಗಿಲ್ಲ. ಹೊಸ್ತಿಲು ದಾಟಲು ಎತ್ತಿದ ಕಾಲನ್ನು ಹಾಗೇ ಹಿಂದಕ್ಕೆ ಇಟ್ಟರು.

“ಒಳಗೆ ಬರಲಾ?”

“ಕೈ ತೊಳ್ಕೊಂಡು ಬನ್ನಿ.”

ಸಾಬೂನು ಹಚ್ಚಿದರೆ ಕೈಗುಣ ತೊಳೆದುಹೋಗುತ್ತದೆಂದು ಅದುವರೆಗೆ ಬರೀ ನೀರಿನಲ್ಲೇ ಕೆಲಸ ಮುಗಿಸುತ್ತಿದ್ದವರು ನಲ್ಲಿಯ ಹತ್ತಿರ ಹೋಗಿ, ಸಾಬೂನು ಎಲ್ಲಿಟ್ಟಿದ್ದೀರಿ ಎಂದು ಮಗಳನ್ನು ಕೇಳಿದರು.